ಮಂಡಕ್ಕಿ ಮೆತ್ತಗಾಗುವ ಮೊದಲು

ನಿನ್ನೆ ರಾತ್ರಿ ಭಟ್ಟಿ ಆರುವ ಮುಂಚೆ
ಇವರು ಕೋಳಿ ಕಟ್ಟಿದ್ದರು.
ಹೊಗೆಗೂಡಿನ ಬಾಯಿಗೆ, ತಂತಿಯ ಕೊಕ್ಕೆಗೆ,
ಉಪ್ಪು, ಅರಿಶಿನ, ಬೆಳ್ಳುಳ್ಳಿ ತಿಕ್ಕಿ,
ಕಾಲಿಗೆ ಕಾಲು ಹೆಣೆದು.
ಟೈರು ಉರಿಸಿದ ದಿನ ಕಟ್ಟುವುದಿಲ್ಲ.
ಬರೀ ಭತ್ತದ ಹೊಟ್ಟು, ಒಂದೆರಡು ಜಾಲಿ ಕೊರಡು
ಸಿಕ್ಕಿದ ದಿನ ಮಾತ್ರ.
ಬಾಷಾ ನಗರದ ನಮ್ಮ ಸಾಲಿನಲ್ಲಿ ಅಂಥ ದಿನ
ವರ್ಷಕ್ಕೆ ನಾಲ್ಕು ಬಂದರೆ ಹೆಚ್ಚು.

ಇಡೀ ಕೋಳಿ ಇಬ್ಬರದು ಅಂತ ಹಳೇ ಲೆಕ್ಕ:
ಅರ್ಧ ಇವರಿಗೆ, ಅರ್ಧ ನನ್ನ ತಮ್ಮ ಮಕ್ತುಂಗೆ.
ನಾನೂ ಮಗಳೂ ಆಚೀಚೆ ಕಿತ್ತುಕೊಂಡದ್ದು
ಲೆಕ್ಕಕ್ಕಿಲ್ಲ.
ಮಕ್ತುಂ ಬರಲಿಲ್ಲ.
ಹನ್ನೊಂದು ಚೀಲದ ವಿಷಯಕ್ಕೆ ಮಾತಿಗೆ ಮಾತು ಬೆಳೆದು
ಬೀಗದ ಕೈ ಒಲೆಕಟ್ಟೆ ಮೇಲಿಟ್ಟು ಹೋದವನು
ಈಗ ಯಾರದೋ ಭಟ್ಟಿಯಲ್ಲಿ ಮರಳು ಕಾಯಿಸುತ್ತಾನೆ.

ಇವರು ತಮ್ಮ ಪಾಲು ತಿಂದು ಕೈ ತೊಳೆದು
ಉಳಿದ ಅರ್ಧವನ್ನು ನೋಡದ ಹಾಗೆ ನೋಡಿ
"ನಾಯಿಗೆ ಹಾಕು" ಅಂದರು.
ನಮ್ಮಲ್ಲಿ ನಾಯಿ ಇಲ್ಲ.

ಬೆಳಿಗ್ಗೆ ಅದು ತಣ್ಣಗೆ, ಬಿಗಿದುಕೊಂಡು,
ಹಳೇ ಚಪ್ಪಲಿಯ ಬಣ್ಣಕ್ಕೆ ತಿರುಗಿ ಕೂತಿತ್ತು.
ಬಿಸಿ ಮಾಡಿದರೆ ಹೊಗೆ ಕಹಿಯಾಗುತ್ತದೆ,
ಸಾರಿಗೆ ಬಿಟ್ಟರೆ ಸಾರೆಲ್ಲ ಭಟ್ಟಿ.
ಅದಕ್ಕೇ ಮೊರ ಎಳೆದುಕೊಂಡು ಕೂತೆ,
ಎಳೆ ಹೋದ ದಿಕ್ಕು ಹಿಡಿದು ಸೀಳುತ್ತ,
ಎದೆಯದು ಉದ್ದುದ್ದ, ತೊಡೆಯದು ತುಂಡು ತುಂಡು,
ಉಗುರ ಸಂದಿಗೆ ಹೊಗೆಯ ಜಿಡ್ಡು.

ಅಪ್ಪ ಹೀಗೇ ಹತ್ತಿ ಹಿಂಜುತ್ತಿದ್ದ,
ಗಾದಿಯವರ ಅಂಗಳದಲ್ಲಿ, ಬಿಲ್ಲಿನ ತಂತಿ ಝೇಂಕರಿಸುತ್ತ,
ಮೀಸೆ ತುಂಬ ಬಿಳಿ ನಾರು.
"ಗಂಟಿನ ಮೇಲೆ ಸಿಟ್ಟು ಮಾಡಬಾರದು" ಅನ್ನುತ್ತಿದ್ದ,
"ಮಾಡಿದರೆ ಹತ್ತಿ ಪುಡಿ, ಗಂಟು ಹಂಗೇ."
ಕೇಳುತ್ತಿದ್ದವರು ನಾವಿಬ್ಬರೇ. ಮಕ್ತುಂ ಆಗ
ಹತ್ತಿಯ ಗುಡ್ಡೆಯಲ್ಲಿ ಕುತ್ತಿಗೆವರೆಗೆ ಹೂತುಕೊಂಡಿರುತ್ತಿದ್ದ.

ಈರುಳ್ಳಿ ಸಣ್ಣಗೆ. ಸೌತೆಕಾಯಿ ಬೀಜ ತೆಗೆದು.
ಹಸಿಮೆಣಸಿನಕಾಯಿ ಮೂರು, ಸುಳ್ಳು ಹೇಳಲ್ಲ, ನಾಲ್ಕು.
ಕೈತುಂಬ ಕೊತ್ತಂಬರಿ, ಹುರಿದು ಜಜ್ಜಿದ ಶೇಂಗಾ.
"ಮಯೋನೀಸ್ ಇಲ್ಲೇನವ್ವ?" ಅಂದಳು ಮಗಳು ತಸ್ಲೀಮ,
ಹೊಂಡದ ಸರ್ಕಲ್ಲಿನ ಬೇಕರಿಯಲ್ಲಿ ಒಮ್ಮೆ ತಿಂದವಳು.
ರಾತ್ರಿ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿತ್ತು,
ಗಟ್ಟಿ, ಸುಣ್ಣದ ಹಾಗೆ.
ಹಾಕಿದೆ. ಹೊಗೆ ಸ್ವಲ್ಪ ತಲೆ ತಗ್ಗಿಸಿತು.

ಗೋಡೆಯಾಚೆಯಿಂದ ಕೊಟ್ರಮ್ಮ:
"ಏನವ್ವಾ, ಘಮಘಮ ಅಂತೈತಿ?"
"ಕೋಸಂಬರಿ."
"ಯಾತರದು?"
"ರೆಕ್ಕೆಯದು."
"ಶಿವಶಿವಾ" ಅಂದಳು, ಮೂಗಿಗೆ ಸೆರಗು ಹಿಡಿದು ನಕ್ಕಳು.
ಆಮೇಲೆ ಗೋಡೆ ಮೇಲೆ ಎರಡು ನಿಂಬೆಹಣ್ಣು
ತಾವೇ ಬಂದು ಕೂತಿದ್ದವು.

ತಸ್ಲೀಮಳ ಕೈಗೆ ಎರಡು ಕೊಟ್ಟೆ:
ಸ್ಟೀಲ್ ಡಬ್ಬಿಯಲ್ಲಿ ಕೋಳಿ,
ಬಾಯಿ ಕಟ್ಟಿದ ಪೊಟ್ಟಣದಲ್ಲಿ ನಮ್ಮ ಮಂಡಕ್ಕಿ.
"ಮಾಮಾಗೆ ಹೇಳು, ತಿನ್ನೋ ಹೊತ್ತಿಗೆ ಕಲಸಬೇಕು.
ಕಲಸಿದ ಮೇಲೆ ಕಾಯಬಾರದು."
"ಬೇರೆ ಏನಾದರೂ?"
"ಬೇರೆ ಏನಿಲ್ಲ."

ಮಧ್ಯಾಹ್ನ ಡಬ್ಬಿ ವಾಪಸ್ಸು ತಂದವನು ಅವನೇ.
ತೊಳೆದಿದ್ದ. ಹೊಸ್ತಿಲ ಈಚೆಗೆ ಕಾಲಿಡಲಿಲ್ಲ.
ಕೋಳಿಯ ಸುದ್ದಿ ಎತ್ತಲಿಲ್ಲ.
"ಯಾರು ಹುರಿದದ್ದು ಈ ಮಂಡಕ್ಕಿ?
ಮರಳು ಸರಿಯಾಗಿ ಕಾದೇ ಇಲ್ಲ.
ಅರ್ಧ ಕಾಳು ಅರಳಿಲ್ಲ."

ಒಳಗೆ ಇವರು ಚೀಲಕ್ಕೆ ಹೊಲಿಗೆ ಹಾಕುತ್ತಿದ್ದವರು
ದಬ್ಬಳ ನಿಲ್ಲಿಸಿದರು. ತಲೆ ಎತ್ತಲಿಲ್ಲ.
"ಅಷ್ಟು ಗೊತ್ತಿದ್ದವನು
ಬಂದು ಕಾಯಿಸಬೇಕಪ್ಪ."

ಯಾರೂ ಏನೂ ಅನ್ನಲಿಲ್ಲ ಆಮೇಲೆ.
ಬೀಗದ ಕೈ ಮಸಿ ಹಿಡಿದು ಕಟ್ಟೆ ಮೇಲೇ ಇತ್ತು.
ತೆಗೆದುಕೊಂಡನೋ ಇಲ್ಲವೋ ನಾನು ನೋಡಲಿಲ್ಲ,
ಎಲುಬು ಬೇಯಲು ಇಡುತ್ತಿದ್ದೆ.

ನನಗಂತ ಕಲಸಿಟ್ಟುಕೊಂಡ ತಟ್ಟೆ
ಅಷ್ಟರಲ್ಲಿ ಪೂರ್ತಿ ಮೆತ್ತಗಾಗಿತ್ತು.
ತಿಂದೆ.
ಹಂಗೂ ಚೆನ್ನಾಗೇ ಇತ್ತು.